ಅಂದದ್ದು, ಅಂದುಕೊಂಡದ್ದು

ಆ ಜ್ವರಕ್ಕೆ ಸರಕಾರ ಇಟ್ಟ ಹೆಸರಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳೂ ಒಂದು ಅಂಕಿಯೂ ಇದ್ದವು. ನಮ್ಮ ಹಾಸ್ಟೆಲಿನಲ್ಲಿ ಯಾರೂ ಹಾಗೆ ಕರೆಯಲಿಲ್ಲ. ನಾವು ಕೊಂಡಜ್ವರ ಎಂದೆವು. ಪೇಟೆಯಲ್ಲಿ ಕೊಂಡದ್ದಲ್ಲ, ಪುಕ್ಕಟೆ ಬಂದದ್ದು. ‘ಅಂದೆ’ ಎನ್ನುವುದಕ್ಕೂ ‘ಅಂದುಕೊಂಡೆ’ ಎನ್ನುವುದಕ್ಕೂ ನಡುವೆ ಇರುವುದು ಒಂದು ‘ಕೊಂಡ’ ಮಾತ್ರ. ಈ ಜ್ವರ ಅದೊಂದನ್ನೇ ಅಳಿಸಿಹಾಕುತ್ತಿತ್ತು.

ಮೂರ್ನಾಲ್ಕು ದಿನ ಮೈ ಕಾದು ಇಳಿಯುತ್ತಿತ್ತು. ಆಮೇಲೆ ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು, ಡಾಕ್ಟರು ಗುಣವಾಗಿದೆ ಎಂದು ಚೀಟಿ ಬರೆದುಕೊಡುತ್ತಿದ್ದರು. ಆದರೆ ಸುಮಾರು ಒಂದು ತಿಂಗಳು, ಒಂದು ಮಾತನ್ನು ಬಾಯಿಬಿಟ್ಟು ಆಡಿದೆವೋ ಮನಸ್ಸಿನಲ್ಲೇ ಆಡಿಕೊಂಡೆವೋ ತಿಳಿಯುತ್ತಿರಲಿಲ್ಲ. ಆಡುವಾಗಲೂ ತಿಳಿಯದು, ಆಮೇಲೆ ನೆನೆಸಿಕೊಂಡರೂ ತಿಳಿಯದು. ಯಾರಿಗೆ ಬೇಕಾದರೂ ಬರಬಹುದಾಗಿದ್ದ ಈ ಪೀಡೆ, ಒಂದು ಕೋಣೆಗೆ ಮೂರು ಮಂಚ ಹಾಕಿ ಮಲಗಿಸುವ ಹಾಸ್ಟೆಲುಗಳನ್ನು ಹುಡುಕಿಕೊಂಡು ಬಂದು ಠಿಕಾಣಿ ಹೂಡಿತು.

ನಾನು ನೀಲಗಂಗಾ ಕುರಡಗಿ. ಮಲಪ್ರಭೆಯ ದಂಡೆಯ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಧ್ವನಿವಿಜ್ಞಾನದ ಸಂಶೋಧನ ವಿದ್ಯಾರ್ಥಿನಿ. ಮನುಷ್ಯರು ಹೇಗೆ ಮಾತಾಡುತ್ತಾರೆ ಎಂಬುದರ ಮೇಲೆ ನಾಲ್ಕು ವರ್ಷದಿಂದ ಪ್ರಬಂಧ ಬರೆಯುತ್ತಿದ್ದವಳಿಗೆ, ತಾನು ಮಾತಾಡಿದೆನೋ ಇಲ್ಲವೋ ಗೊತ್ತಾಗದ ಸ್ಥಿತಿ ಬಂದರೆ ಹೇಗಿರಬೇಡ? ನಗುವವರು ನಗಬಹುದು. ನನಗೇನೂ ನಗು ಬರಲಿಲ್ಲ.

ನಮ್ಮ ಗಲಗಲಿ ಸರ್ ಜ್ವರ ಮುಗಿಸಿ ಮೊದಲ ದಿನ ತರಗತಿಗೆ ಬಂದದ್ದು ಈಗಲೂ ಕಣ್ಣಮುಂದಿದೆ. ಸೀಮೆಸುಣ್ಣ ಹಿಡಿದು ನಿಂತರು. ಐವತ್ತು ನಿಮಿಷ ನಮ್ಮನ್ನೇ ನೋಡುತ್ತ, ನಡುನಡುವೆ ಕೈಯಾಡಿಸುತ್ತ, ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತ, ತುಟಿ ಬಿಚ್ಚದೆ ಪಾಠ ಮಾಡಿದರು. ಕೊನೆಗೆ ಜೋರಾಗಿಯೇ, “ಏನರೆ ಸಂಶಯ ಇದ್ದರ ಕೇಳ್ರಿ,” ಎಂದರು. ನಾವು ಐದು ಜನ ಕುಳಿತಿದ್ದೆವು. ಸರ್, ನೀವು ಏನೂ ಹೇಳಲಿಲ್ಲ ಎಂದು ನಾನು ಅವರಿಗೆ ಹೇಳಿದೆ. ಹಾಗಂತ ನನಗೆ ಚೆನ್ನಾಗಿ ನೆನಪಿದೆ. ಉಳಿದ ನಾಲ್ವರಿಗೂ ತಾವೇ ಹೇಳಿದ ನೆನಪಿದೆ. ಆದರೆ ಸರ್ ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡು ಸಂತೋಷವಾಗಿ ಹೊರಟುಹೋದರು. ಊರಿಗೆ ಹೋದವರಿಗಾಗಿ ಆ ತರಗತಿಯ ವಿಡಿಯೊ ಮಾಡಿದ್ದರು. ಮರುದಿನ ಅದನ್ನು ನೋಡಿದಾಗ ಅವರಿಗೆ ಗೊತ್ತಾಯಿತು.

ಆ ಸಂಜೆಯೇ ಅವರು ಕೊರಳಪಟ್ಟಿಯ ಕೆಲಸ ಶುರುಮಾಡಿದರು.

“ಇಲ್ಲಿ ನೋಡ್ರಿ,” ಎಂದು ಸರ್ ತಮ್ಮ ಗಂಟಲು ಮುಟ್ಟಿ ತೋರಿಸಿದರು. “ಮಾತಾಡೋವಾಗ ಮಿದುಳು ಗಂಟಲಿಗೆ ಹುಕುಂ ಕಳಿಸ್ತದ. ಮನಸಿನಾಗ ಮಾತಾಡಿಕೊಳ್ಳೋವಾಗನೂ ಅದೇ ಹುಕುಂ, ಆದರ ಭಾಳ ಸಣ್ಣದು. ಗಂಟಲಿನ ಸ್ನಾಯು ಇಷ್ಟೇ ಇಷ್ಟು ಮಿಸುಕ್ತದ, ದನಿ ಬರಂಗಿಲ್ಲ. ದನಿ ಹೊರಗ ಹೋತೋ ಇಲ್ಲೋ ಅಂತ ನೋಡಿ ಮುದ್ರಿ-ಶಿಕ್ಕಾ ಹೊಡಿಯೋದು ಮಿದುಳಿನ ಇನ್ನೊಂದು ಮೂಲಿ. ನಮ್ಮ ಆಫೀಸಿನಾಗ ಹೊರಗ ಹೋಗೋ ಪತ್ರ ಕಳಿಸೋ ಜಾವಕ ಗುಮಾಸ್ತ ಇದ್ದಂಗ. ಈ ಜ್ವರ ಏನು ಮಾಡ್ತದ ಅಂದರ, ಆ ಗುಮಾಸ್ತಗ ರಜಾ ಕೊಟ್ಟು ಕಳಿಸ್ತದ.”

ನಮ್ಮ ವಿಶ್ವವಿದ್ಯಾಲಯದ ಜಾವಕ ವಿಭಾಗವನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಪತ್ರ ಬರೆದಾಗಿರುತ್ತದೆ, ಸಹಿಯಾಗಿರುತ್ತದೆ, ಮೇಜಿನ ಮೇಲೆ ಬಿದ್ದಿರುತ್ತದೆ. ಬರೆದವರು ಹೋಯಿತೆಂದು ತಿಳಿದಿರುತ್ತಾರೆ, ತಲುಪಬೇಕಾದವರು ಕಾಯುತ್ತಿರುತ್ತಾರೆ.

“ಜ್ವರ ಜೋರಾದವರಿಗೆ ಇನ್ನೊಂದು ತಾಪತ್ರಯ ಅದ,” ಎಂದರು ಸರ್. “ಕಿವಿಗೆ ಬಿದ್ದ ಮಾತು ಹೊರಗಿಂದ ಬಂತೋ, ತಮ್ಮ ತಲಿಯಾಗ ತಾವೇ ಆಡಿಕೊಂಡದ್ದೋ, ಅದೂ ತಿಳಿಯಂಗಿಲ್ಲ. ಅಂಥವರ ಜೋಡಿ ಹುಷಾರಾಗಿ ಮಾತಾಡ್ಬೇಕು.”

ಕೊರಳಪಟ್ಟಿ ಎಂದರೆ ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಗಂಟಲಿನ ಮಿಸುಕಾಟವನ್ನೆಲ್ಲ ಅದು ಸಂಗ್ರಹಿಸಿಕೊಳ್ಳುತ್ತಿತ್ತು. ಕೆಲವು ದಿನಕ್ಕೊಮ್ಮೆ ಪ್ರಯೋಗಾಲಯದ ಕಂಪ್ಯೂಟರಿಗೆ ಜೋಡಿಸಿದರೆ ಅದೆಲ್ಲ ಅಕ್ಷರವಾಗಿ ಬರುತ್ತಿತ್ತು. ಬಾಯಿಬಿಟ್ಟು ಆಡಿದ್ದು ಕಪ್ಪು ಅಕ್ಷರದಲ್ಲಿ, ಅಂದುಕೊಂಡದ್ದು ಬೂದು ಅಕ್ಷರದಲ್ಲಿ. ಮೊದಲ ಪಟ್ಟಿಯನ್ನು ಸರ್ ತಾವು ಕಟ್ಟಿಕೊಂಡರು, ಎರಡನೆಯದನ್ನು ಒಂದು ಸೋಮವಾರ ಬೆಳಿಗ್ಗೆ ನನಗೆ ಕಟ್ಟಿದರು. ನನಗೆ ಜ್ವರ ಬಿಟ್ಟು ಆಗ ಹತ್ತು ದಿನ.

ಅಷ್ಟರಲ್ಲಿ ಜನ ತಮಗೆ ತೋಚಿದ ಉಪಾಯ ಮಾಡಿಕೊಂಡಿದ್ದರು. ಮುಖ್ಯವಾದದ್ದನ್ನು ಬರೆದಿಡಿ ಎಂದು ಸುತ್ತೋಲೆ ಬಂತು, ಬರೆದೆವು. ಆದರೆ ಸಿಟ್ಟು, ಬೇಜಾರು, ತಪ್ಪಾಯಿತು ಎನ್ನುವುದು, ಇವನ್ನೆಲ್ಲ ಯಾರು ಚೀಟಿಯಲ್ಲಿ ಬರೆಯುತ್ತಾರೆ? ನಮ್ಮ ಅವ್ವ ಮಾತ್ರ ಯಾವ ಸುತ್ತೋಲೆಯನ್ನೂ ಓದದೆ ಸರಿಯಾದ ದಾರಿ ಹಿಡಿದಿದ್ದಳು. ಫೋನಿನಲ್ಲಿ ನನ್ನ ಒಂದೊಂದು ಮಾತಿಗೂ ಕಥೆ ಕೇಳುವವಳ ಹಾಗೆ ಹೂಂಗುಟ್ಟುತ್ತಿದ್ದಳು. ಹೂಂ ಬಾರದಿದ್ದರೆ ನಾನು ಆಡಿಲ್ಲ ಎಂದು ಲೆಕ್ಕ.

“ಉಂಡೇನ ಬೇ ಅವ್ವ.”

“ಹೂಂ.”

“ಮೈ ಆರಾಮ ಐತಿ.”

“ಹೂಂ. ಮತ್ತ?”

ಮತ್ತೆ ಎಂದರೆ, ಪ್ರಬಂಧ ಮುಂದೆ ಹೋಗುತ್ತಿಲ್ಲ, ಎದೆ ಸುಮ್ಮಸುಮ್ಮನೆ ಡವಡವ ಎನ್ನುತ್ತದೆ, ಈ ನಾಲ್ಕು ಗೋಡೆ ಸಾಕಾಗಿದೆ ಎಂದು ಹೇಳಿದೆ. ಆ ಕಡೆಯಿಂದ ಹೂಂ ಬರಲಿಲ್ಲ. “ನೀಲಾ, ಅದೀಯೇನs?” ಎಂದಳು. ಅದೀನಿ ಎಂದೆ.

ವಿಶ್ವವಿದ್ಯಾಲಯದವರೂ ಸುಮ್ಮನೆ ಕುಳಿತಿರಲಿಲ್ಲ. ವಿದ್ಯಾರ್ಥಿಗಳ ಆರೋಗ್ಯ ಮತ್ತು ನೆಮ್ಮದಿಯ ಸಮೀಕ್ಷೆ ಎಂದು ಒಂದು ಅರ್ಜಿ ಹಂಚಿದರು. ಅದರ ಏಳನೇ ಪ್ರಶ್ನೆ ಹೀಗಿತ್ತು: ‘ನಿಮ್ಮ ಕಷ್ಟವನ್ನು ಹೇಳಿಕೊಂಡಿದ್ದೀರಾ?’ ನೂರಕ್ಕೆ ತೊಂಬತ್ಮೂರು ಮಂದಿ ಹೌದು ಎಂದು ಗುರುತು ಹಾಕಿದರು. ನಾನೂ ಹಾಕಿದೆ. ಸುಳ್ಳೇನಲ್ಲ, ಹೇಳಿಕೊಂಡಿದ್ದೆವು. ಯಾರ ಮುಂದೆ ಎಂದು ಅರ್ಜಿ ಕೇಳಿರಲಿಲ್ಲ. ಆಪ್ತಸಲಹಾ ಕೇಂದ್ರದಲ್ಲಿ ಇಬ್ಬರು ಮೇಡಂಗಳು ನೊಣ ಹೊಡೆಯುತ್ತ ಕುಳಿತಿದ್ದರು. ಯಾರೂ ಬರುತ್ತಿಲ್ಲ, ಅಂದರೆ ಯಾರಿಗೂ ತೊಂದರೆ ಇಲ್ಲ ಎಂದು ಕುಲಪತಿಗಳು ಪತ್ರಿಕಾ ಹೇಳಿಕೆ ಕೊಟ್ಟರು. ಜೊತೆಗೆ ನಗುವ ವಿದ್ಯಾರ್ಥಿಗಳ ಫೋಟೊ ಬಂತು. ಅದು ಹೋದ ವರ್ಷದ ವಾರ್ಷಿಕೋತ್ಸವದ ಗ್ಯಾದರಿಂಗಿನದು.

ಈಗ ಫರ್ಜಾನಾಳ ವಿಷಯಕ್ಕೆ ಬರಬೇಕು. ಅದನ್ನು ಮುಂದೂಡುತ್ತಲೇ ಇಷ್ಟು ದೂರ ಬಂದೆ.

ಫರ್ಜಾನಾ ನದಾಫ ನನ್ನ ಕೋಣೆಯ ಜೊತೆಗಾತಿ, ಸಸ್ಯಶಾಸ್ತ್ರದವಳು. ರೋಣದ ಕಡೆಯವಳು. ಮೂರು ವರ್ಷ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿದವರು ನಾವು. ನನ್ನಿಂದಲೇ ಅವಳಿಗೆ ಜ್ವರ ಹತ್ತಿತು. ಶನಿವಾರ ಅವಳನ್ನು ಬಿ ಬ್ಲಾಕಿನ ಹದಿನಾಲ್ಕನೇ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಒಳಗಿದ್ದವರಿಗೆ ಹೊರಗೊಬ್ಬರು ‘ಜೋಡಿ’ ಇರಬೇಕೆಂದು ನಿಯಮ. ದಿನಕ್ಕೆ ಎರಡು ಸಲ ಊಟದ ಡಬ್ಬಿ ಒಯ್ದು, ಬಾಗಿಲ ಹೊರಗೆ ನಿಂತು ಕೂಗಿ ಹೇಳಬೇಕು, ಮೂರಾಳು ದೂರ ಸರಿಯಬೇಕು, ಆಮೇಲೆ ಅವರು ಬಾಗಿಲು ತೆರೆದು ತೆಗೆದುಕೊಳ್ಳಬೇಕು. ಜೋಡಿ ಕೂಗದೆ ಬಾಗಿಲು ತೆರೆಯುವಂತಿಲ್ಲ. ಬಾಗಿಲಿಗೆ ಕೈ ತಾಗಿಸುವಂತಿಲ್ಲ, ಆದ್ದರಿಂದ ಬಡಿಯುವಂತಿಲ್ಲ. ಮಾತಿನ ಮೇಲೆಯೇ ನಂಬಿಕೆ ಇಡಲಾಗದ ರೋಗಕ್ಕೆ ಕೂಗಿ ಕರೆಯುವ ನಿಯಮ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವಳ ಜೋಡಿ ನಾನೇ ಆದೆ, ನಾನೇ ಕೇಳಿ ಆದೆ.

ಸೋಮವಾರ ಬೆಳಿಗ್ಗೆ, ಕೊರಳಪಟ್ಟಿ ಕಟ್ಟಿಸಿಕೊಂಡು ನೇರ ಅವಳ ಬಾಗಿಲಿಗೆ ಹೋದೆ. ಅಂದು ಊಟದ ಡಬ್ಬಿಗೂ ಮೊದಲೇ ಕೂಗಿ ನಾಷ್ಟಾ ಕೊಟ್ಟೆ. ಅವಳು ತೆಗೆದುಕೊಂಡು ಬಾಗಿಲು ಮುಚ್ಚಿ, ಒಳಗಿಂದ ಫೋನಿನ ಚಾರ್ಜರ್ ಕೇಳಿದಳು. ತರುತ್ತೇನೆ ಎಂದೆ. ಮತ್ತೆ ಕೇಳಿದಳು. ಕೇಳಿದೆನೋ ಇಲ್ಲವೋ ಎಂಬ ಅನುಮಾನ ಅವಳಿಗೆ, ಪಾಪ. ಎಂಟನೆಯದೋ ಒಂಬತ್ತನೆಯದೋ ಸಲ ಕೇಳಿದಾಗ ನನ್ನ ತಲೆ ಕೆಟ್ಟಿತು. ಹಿಂದಿನ ದಿನವಷ್ಟೇ ಪ್ರಬಂಧದ ಗಡುವು ಮುಂದೂಡಲು ಆಗುವುದಿಲ್ಲವೆಂದು ಇಮೇಲಿನಲ್ಲಿ ಪತ್ರ ಬಂದಿತ್ತು, ನಿದ್ದೆಯಿರಲಿಲ್ಲ. ಮನಸ್ಸಿನಲ್ಲಿ ಒಂದು ಕೆಟ್ಟ ಮಾತು ಅಂದುಕೊಂಡೆ: ನೀ ಸತ್ತರೂ ನಾ ಇನ್ನ ಈ ಬಾಗಲಿಗೆ ಬರಂಗಿಲ್ಲ. ಅಂದುಕೊಂಡೆ, ಅಷ್ಟೇ. ಆಡಲಿಲ್ಲ. ಹಾಗೆ ಅಂದುಕೊಂಡದ್ದಕ್ಕೇ ನಾಚಿಕೆಯಾಗಿ ಬೇಗ ಹೊರಟುಬಂದೆ.

ಮಧ್ಯಾಹ್ನ ಡಬ್ಬಿ ಒಯ್ದೆ. ಊಟ ಇಟ್ಟೀನಿ, ಬೆಳಿಗ್ಗೆ ಸಿಡುಕಿದ್ದಕ್ಕ ತಪ್ಪಾತು ಎಂದು ಕೂಗಿ ಹೇಳಿದೆ. ಒಳಗಿಂದ ಉತ್ತರವಿಲ್ಲ. ಸಂಜೆ ಹೋದರೆ ಡಬ್ಬಿ ಹಾಗೆಯೇ ಇತ್ತು. ಅದನ್ನೆತ್ತಿಕೊಂಡು ಹೊಸದನ್ನಿಟ್ಟು ಮತ್ತೆ ಹೇಳಿದೆ. ಮಂಗಳವಾರವೂ ಅದೇ ಕಥೆ. ಫೋನು ಮಾಡಿದರೆ ಬಂದ್. ಎಷ್ಟು ಸಲ ತಪ್ಪಾಯಿತು ಎನ್ನಬೇಕು ಈ ಮಹಾರಾಣಿಗೆ ಎಂದು ನನಗೂ ಬಿಗುಮಾನ ಬಂತು. ಬುಧವಾರ ಮಧ್ಯಾಹ್ನ ಮಾತ್ರ ಯಾಕೋ ಹೆದರಿಕೆಯಾಯಿತು. ಆರೋಗ್ಯ ಕೇಂದ್ರದ ಕಿಟಕಿಗೆ ಹೋಗಿ, ಬಿ ಬ್ಲಾಕಿನ ಹದಿನಾಲ್ಕರಾಕಿ ಉಣ್ಣಾಕತ್ತಿಲ್ಲ, ಮಾತಾಡಾಕತ್ತಿಲ್ಲ, ಒಮ್ಮೆ ನೋಡ್ರಿ ಎಂದು ಸುಗಂಧಾ ಸಿಸ್ಟರಿಗೆ ಹೇಳಿದೆ. ಸಿಸ್ಟರ್ ನನ್ನ ಕಡೆ ನೋಡಿ ನಕ್ಕು ಎರಡು ಜ್ವರದ ಗುಳಿಗೆ ಕೊಟ್ಟರು. ಗುಳಿಗೆ ಯಾಕೆ ಎಂದು ಯೋಚಿಸಿದೆ. ಆದರೂ, ನೋಡುವವರು ನೋಡುತ್ತಾರೆ, ಹೇಳುವುದು ಹೇಳಿಯಾಯಿತು ಎಂದು ನಿರಾಳವಾಗಿ ಬಂದೆ.

ಗುರುವಾರ ಹನ್ನೊಂದು ಗಂಟೆಗೆ ಪ್ರಯೋಗಾಲಯದಲ್ಲಿ ಪಟ್ಟಿ ಬಿಚ್ಚಿ ಸರ್ ಕೈಗೆ ಕೊಟ್ಟೆ. ಅವರ ಮುಖ ಸಪ್ಪಗಿತ್ತು.

“ನನ್ನದು ಓದಿದೆ,” ಎಂದರು. “ಮೂವತ್ತು ವರ್ಷದ ಸಂಸಾರದಾಗ ನಾನು ಆಕೀಗೆ ಚಹಾ ಛಲೋ ಆಗೇದ ಅಂತ ದಿನಾ ಹೇಳ್ತೀನಿ ಅಂತ ತಿಳಕೊಂಡಿದ್ದೆ. ಪಟ್ಟಿ ಕಟ್ಟಿಕೊಂಡ ದಿನದಿಂದ ಎಲ್ಲಾ ಬೂದು. ಉಪ್ಪು ಜಾಸ್ತಿ ಆತು ಅಂದದ್ದು ಮಾತ್ರ ಕಪ್ಪು.”

“ಜ್ವರ ಬಂದದ್ದು ಮೊನ್ನೆ ಅಲ್ಲರಿ ಸರ್?”

“ಅದಕ್ಕ ಮೊದಲರೆ ಬಾಯಿಬಿಟ್ಟು ಅಂದಿದ್ದೆನೋ ಇಲ್ಲೋ, ಅದs ನನಗೂ ತಿಳಿವಲ್ತು,” ಎಂದು ಕನ್ನಡಕ ತೆಗೆದು ಒರೆಸಿದರು. “ನೀಲಾ, ನಾವು ಒಂದು ಎಣಿಸಿದ್ದಿವಿ, ಆಗಿದ್ದು ಇನ್ನೊಂದು. ಶಿಕ್ಕಾ ಇಲ್ಲದ ಮಾತು ಹೆಂಗಂದರ ಹಂಗ ಅದಲುಬದಲು ಆಗ್ತಾವ ಅಂತ ತಿಳಿದಿದ್ದಿವಿ. ಹಂಗಿಲ್ಲ. ಗುಮಾಸ್ತ ಇಲ್ಲದಾಗ ಮನಸು ತಾನs ಶಿಕ್ಕಾ ಹೊಡಕೊಳ್ತದ, ತನಗ ಹೆಂಗ ಬೇಕೋ ಹಂಗ. ಒಳ್ಳೆ ಮಾತಿಗೆ ‘ಅಂದೆ’ ಅಂತ. ಕೆಟ್ಟ ಮಾತಿಗೆ ‘ಅಂದ್ಕೊಂಡೆ’ ಅಂತ.”

ನಾನು ಪರದೆ ನೋಡುತ್ತಿದ್ದೆ. ನನ್ನ ನಾಲ್ಕು ದಿನಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ಹೆಚ್ಚುಕಡಿಮೆ ಎಲ್ಲವೂ ಬೂದು. ನಾನು ಇಷ್ಟು ಮೂಕಿಯಾಗಿ ಬದುಕಿದ್ದೆನೆಂದು ನನಗೇ ನಂಬಿಕೆಯಾಗಲಿಲ್ಲ. ಸೋಮವಾರದ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಒಂದು ಸಾಲು ಕಪ್ಪಗಿತ್ತು, ಉಳಿದದ್ದಕ್ಕಿಂತ ದಪ್ಪಗಿತ್ತು. ಜೋರಾಗಿ ಆಡಿದ ಮಾತು ದಪ್ಪಗೆ ಬರುತ್ತದೆ.

ನೀ ಸತ್ತರೂ ನಾ ಇನ್ನ ಈ ಬಾಗಲಿಗೆ ಬರಂಗಿಲ್ಲ.

ಅದರ ಕೆಳಗೆ, ಮಧ್ಯಾಹ್ನದ್ದು, ಊಟ ಇಟ್ಟೀನಿ, ತಪ್ಪಾತು: ಬೂದು. ಸಂಜೆಯದು ಬೂದು. ಮಂಗಳವಾರದ್ದು ಎರಡೂ ಬೂದು, ಬುಧವಾರದ್ದು ಬೂದು. ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ನಾನು ಸಿಸ್ಟರಿಗೆ ಹೇಳಿದ್ದು ಉದ್ದಕ್ಕೂ ಬೂದು. ಅಲ್ಲಿ ಬಾಯಿ ಬಿಟ್ಟು ಆಡಿದ್ದು ಒಂದೇ ಪದ, ‘ಸಿಸ್ಟರ್’. ಸುಮ್ಮನೆ ಎದುರು ನಿಂತ ಹುಡುಗಿಗೆ ಅವರು ಗುಳಿಗೆ ಕೊಟ್ಟು ಕಳಿಸಿದ್ದರು. ಸೋಮವಾರ ಬೆಳಿಗ್ಗೆ ನಾಷ್ಟಾ ಎಂದು ಕೂಗಿದ್ದೊಂದು ಕಪ್ಪು, ಚಾರ್ಜರ್ ತರುತ್ತೇನೆ ಎಂದದ್ದೂ ಬೂದು. ಹಾಗಿದ್ದರೆ ಅವಳು ಅಷ್ಟು ಸಲ ಕೇಳಿದ್ದರಲ್ಲಿ ತಪ್ಪೇನಿತ್ತು? ಅವಳಿಗೆ ಒಮ್ಮೆಯೂ ಉತ್ತರವೇ ಸಿಕ್ಕಿರಲಿಲ್ಲ. ಚಾರ್ಜರ್ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ಅವಳ ಫೋನು ಬಂದ್ ಆಗದೆ ಇನ್ನೇನಾದೀತು.

ಮೂರು ದಿನ. ಯಾರೂ ಕೂಗಿರಲಿಲ್ಲ, ಆದ್ದರಿಂದ ಅವಳು ಬಾಗಿಲು ತೆರೆದಿರಲಿಲ್ಲ.

“ಸರ್, ಫರ್ಜಾನಾ...” ಎಂದೆ. ಎಂದೆನೋ ಇಲ್ಲವೋ. ಸರ್ ಪರದೆ ನೋಡಿದರು, ನನ್ನ ಮುಖ ನೋಡಿದರು. “ನಡಿ, ನಡಿ ಮೊದಲ!” ಎಂದು ನನಗಿಂತ ಮುಂದೆ ಓಡಿದರು. ಅರವತ್ತು ದಾಟಿದ ಮನುಷ್ಯ ಅಷ್ಟು ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಅವರು ಆರೋಗ್ಯ ಕೇಂದ್ರದ ಕಡೆ ತಿರುಗಿದರು, ನಾನು ಬಿ ಬ್ಲಾಕಿಗೆ.

ಹದಿನಾಲ್ಕನೇ ಕೋಣೆಯ ಹೊರಗೆ ನಿನ್ನೆ ಸಂಜೆಯ ಡಬ್ಬಿ ಇರುವೆ ಹತ್ತಿ ಕುಳಿತಿತ್ತು. ಕೂಗಿದೆ. ಕೂಗಿದೆನೇ? ಕೊರಳಿನ ಮೇಲೆ ಕೈಯಿಟ್ಟುಕೊಂಡು, ನಡುಗುತ್ತದೆಯೇ ನೋಡಿಕೊಂಡು ಮತ್ತೆ ಕೂಗಿದೆ. ಕೈ ನಡುಗುತ್ತಿದೆಯೋ ಗಂಟಲು ನಡುಗುತ್ತಿದೆಯೋ ತಿಳಿಯಲಿಲ್ಲ. ಆಗ ನಿಯಮ ಹಾಳಾಗಿ ಹೋಗಲಿ ಎಂದು ಎರಡೂ ಮುಷ್ಟಿಯಿಂದ ಬಾಗಿಲು ಬಡಿದೆ. ಸುತ್ತಲಿನ ಕೋಣೆಗಳ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಅವರೆಲ್ಲ ಏನೋ ಕೇಳುತ್ತಿದ್ದರೆಂದು ಕಾಣುತ್ತದೆ, ಒಬ್ಬರ ತುಟಿಯೂ ಅಲುಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಝುಂ ಎನ್ನುತ್ತದೆ.

ಒಳಗೆ ಏನೋ ಬಿದ್ದ ಸದ್ದಾಯಿತು. ತುಸು ಹೊತ್ತಿಗೆ ಚಿಲಕ ಸರಿಯಿತು. ಫರ್ಜಾನಾ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಒಡೆದಿದ್ದವು, ಕಣ್ಣು ಒಳಗೆ ಹೋಗಿದ್ದವು. ನನ್ನನ್ನು ನೋಡಿ ನನ್ನ ಹಿಂದೆ ಯಾರೋ ಇದ್ದಾರೆಂಬಂತೆ ಇಣುಕಿದಳು. ಆಮೇಲೆ ಕಾಲು ಸೋತು ನನ್ನ ಮೇಲೆಯೇ ಬಿದ್ದಳು. ಜ್ವರದ ಮೈ, ಆದರೆ ಡಬ್ಬಿಯಷ್ಟೂ ಭಾರವಿರಲಿಲ್ಲ.

ಸಿಸ್ಟರ್ ಮತ್ತು ಸರ್ ಸ್ಟ್ರೆಚರ್ ತಂದರು. ಎರಡು ಬಾಟಲಿ ಸಲೈನ್ ಹೋಯಿತು. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಸರ್ ಮುಂದೆ ಹೇಳುತ್ತಿದ್ದರು, ನನಗೆ ಕೇಳಬಾರದೆಂದು ದನಿ ತಗ್ಗಿಸಿ. ಕೇಳಿಸಿತು. ಅಥವಾ ಅದು ನಾನೇ ಹೇಳಿಕೊಂಡದ್ದೋ. ಎರಡೂ ಒಂದೇ, ಬಿಡಿ.

ಸಂಜೆ ನಾಲ್ಕರ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಸಿಸ್ಟರ್ ಗಂಜಿ ಕುಡಿಸಿದರು. ನಾನು ಮಂಚದ ಕಾಲಬುಡದಲ್ಲಿ ನಿಂತಿದ್ದೆ.

“ನೀಲಾ,” ಎಂದಳು. ದನಿ ಸಣ್ಣಗಿತ್ತು. “ನಾ ಒಂದು ಮಾತು ಕೇಳ್ತೀನಿ. ಕೇಳಾಕತ್ತೀನಿ ಹೌದಲ್ಲ?”

“ಕೇಳಾಕತ್ತಿ. ಕೇಳಸ್ತು ನನಗ.”

“ಸೋಮವಾರ ಒಂದು ದನಿ ಬಂತು. ನೀ ಸತ್ತರೂ ನಾ ಬರಂಗಿಲ್ಲ ಅಂತ. ನಿನ್ನ ದನಿ ಇದ್ದಂಗ ಇತ್ತು. ಆದರ ನೀ ಹಂಗ ಅನ್ನಾಕಿ ಅಲ್ಲ. ಆಮ್ಯಾಲ ಅದು ನಿಲ್ಲಲೇ ಇಲ್ಲ. ಮೂರು ದಿನ, ಸತ್ತರೂ, ಸತ್ತರೂ ಅಂತ. ನಾ ನಿನ್ನ ಕರದೇನಿ, ಅದು ಹೊರಗ ಬಂತೋ ಇಲ್ಲೋ. ನನ್ನ ತಲೀನs ನನಗ ಸಾಯಿ ಅನ್ನಾಕತ್ತೈತಿ ಅಂತ ತಿಳಕೊಂಡೆ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. “ಅದನ್ನ ನೀ ಅಂದಿಯೋ, ನಾನs ಅಂದ್ಕೊಂಡೆನೋ?”

ಸಿಸ್ಟರ್ ನನ್ನ ಕಡೆ ತಿರುಗಿ, ಬೇಡ ಎಂಬಂತೆ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಸರ್ ನೆಲ ನೋಡಿದರು. ಇಲ್ಲ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಜ್ವರದಾಗ ಹಂಗ ಕೇಳಸ್ತೈತಿ, ಚಿಂತಿ ಮಾಡಬ್ಯಾಡ ಎಂದರೆ ಯಾರೂ ನನ್ನನ್ನು ತಪ್ಪು ತಿಳಿಯುತ್ತಿರಲಿಲ್ಲ. ಊರಿಗೆ ಊರೇ ಆ ತಿಂಗಳು ತಪ್ಪನ್ನೆಲ್ಲ ಜ್ವರದ ಮೇಲೆ ಹಾಕಿ ಪಾರಾಗುತ್ತಿತ್ತು. ನನಗೆ ಅವಳನ್ನು ಕಳೆದುಕೊಳ್ಳುವ ಭಯವಿತ್ತು. ಅದನ್ನು ಮುಚ್ಚಿಡುವುದೇಕೆ, ಬಹಳ ಭಯವಿತ್ತು.

“ಅಂದೆ,” ಎಂದೆ. ಅವಳು ಹಾಗೆಯೇ ನೋಡುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಅಂದೆ. “ನಾನs ಅಂದೆ, ಫರ್ಜಾನಾ. ನಿನ್ನ ತಲಿಯಾಗಿಂದಲ್ಲ. ಬಾಗಲಾಗ ನಿಂತು ನಾನs ಅಂದೇನಿ.”

ಅವಳ ಮುಖ ಮೊದಲು ಕಿವುಚಿಕೊಂಡಿತು. ಆಮೇಲೆ ನಿಧಾನವಾಗಿ ಸಡಿಲವಾಯಿತು. ತಲೆಯನ್ನು ದಿಂಬಿಗೆ ಬಿಟ್ಟು ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ನೀರಿಳಿದು ಕಿವಿಯವರೆಗೆ ಹೋಯಿತು.

“ಹಂಗಾರ ನನಗ ಹುಚ್ಚ ಹಿಡದಿಲ್ಲ,” ಎಂದಳು.

“ಇಲ್ಲ.”

ದಿಂಬಿನ ಮೇಲೆ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಮನಸ್ಸಿನಲ್ಲೇ ನನಗೆ ಬೈಯುತ್ತಿದ್ದಾಳೆಂದುಕೊಂಡೆ. ಅಷ್ಟರಲ್ಲಿ ಕಣ್ಣು ತೆರೆದಳು.

“ಈಗ ಹೇಳು,” ಎಂದಳು, ಬಾಯಿಬಿಟ್ಟು, ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ. “ಯಾಕ ಅಂದಿ?”

ನಾನು ಸ್ಟೂಲು ಎಳೆದುಕೊಂಡು ಅವಳ ತಲೆಯ ಹತ್ತಿರ ಕುಳಿತು, ಭಾನುವಾರ ಬಂದ ಆ ಪತ್ರದಿಂದ ಹೇಳತೊಡಗಿದೆ.